ಡೀಸೆಲ್ ವಾಹನದ ಇಂಧನ ಮಾರ್ಗ

ದೂರದ ಗುಡ್ಡಗಳ ಮನೆಗಳಿಂದ ನಮ್ಮ ಶಾಲೆಗೆ ಮಕ್ಕಳನ್ನು ಕರೆತರುವ ಹಳೆಯ ಡೀಸೆಲ್ ಜೀಪು ಕಳೆದ ಆಷಾಢದಲ್ಲಿ 11 ದಿನ ನಿಂತುಹೋಯಿತು. ಕಾಸರಗೋಡಿನ ಕಡೆಯ ಮಳೆ ವಾಚಕರಿಗೆ ತಿಳಿಯದುದಲ್ಲ. ನಡೆದು ಬರಲಾರದ ಮಕ್ಕಳು ಮನೆಯಲ್ಲಿಯೇ ಉಳಿದರು. ಇಬ್ಬರು ಮಕ್ಕಳ ಹೆತ್ತವರು, ಮನೆಯ ಬಾಗಿಲಿಗೇ ಬಸ್ಸು ಕಳುಹಿಸುವ ಬೇರೆ ಮಾಧ್ಯಮದ ಶಾಲೆಯ ಮಾತನ್ನೂ ಎತ್ತಿದರು. ಕೊನೆಗೆ ತಿಳಿದುಬಂದ ಕಾರಣವಾದರೋ ಅತ್ಯಲ್ಪ: ಇಂಧನದ ಫಿಲ್ಟರಿನ ಬುಡದಲ್ಲಿ ನಿಂತ ನೀರು. ಮುಂಜಾನೆ ಯಂತ್ರವು ತಡವಾಗಿ ಹೊರಡುವುದನ್ನೂ ಏರಿನಲ್ಲಿ ಮುಗ್ಗರಿಸುವುದನ್ನೂ ಒಂದು ವಾರದಿಂದ ಕಂಡಿದ್ದೆವು. ಮಳೆಯ ಥಂಡಿಯೆಂದು ಸುಮ್ಮನಾದೆವು. ಅಷ್ಟರಲ್ಲಿ ನೀರು ಪಂಪನ್ನು ಸೇರಿ ತುಕ್ಕು ಹಿಡಿಸಿತು. ತಪ್ಪು ನಮ್ಮದೇ. ಅದರಿಂದ ಕಲಿತ ಪಾಠವನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ಯಂತ್ರದ ತತ್ತ್ವವನ್ನು ನೋಡೋಣ. ರುಡಾಲ್ಫ್ ಡೀಸೆಲ್ ಎಂಬ ಇಂಜಿನಿಯರನು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಇದನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಪೆಟ್ರೋಲ್ ಯಂತ್ರದಲ್ಲಿ ಇಂಧನವನ್ನು ಹೊತ್ತಿಸುವುದು ವಿದ್ಯುತ್ತಿನ ಕಿಡಿ. ಡೀಸೆಲ್ ಯಂತ್ರದಲ್ಲಿ ಕಿಡಿಯೇ ಇಲ್ಲ. ಸಿಲಿಂಡರಿನ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮಿದಾಗ ಅದು 500 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಿ ಕಾಯುತ್ತದೆ. ಅದರೊಳಕ್ಕೆ ಮಂಜಿನಂತೆ ಚಿಮ್ಮಿದ ಎಣ್ಣೆ ತಾನಾಗಿಯೇ ಉರಿಯುತ್ತದೆ. ಆದುದರಿಂದ ತಕ್ಕ ಕ್ಷಣದಲ್ಲಿ, ತಕ್ಕ ಪ್ರಮಾಣದಲ್ಲಿ, ಬಲವಾದ ಒತ್ತಡದಿಂದ ಎಣ್ಣೆಯನ್ನು ಚಿಮ್ಮಿಸುವುದೇ ಇಲ್ಲಿಯ ಮುಖ್ಯ ಕಾರ್ಯ. ಅದಕ್ಕೆ ಬೇಕಾದ ಪಂಪನ್ನು ಬಾಷ್ ಸಂಸ್ಥೆಯು 1927ರಿಂದ ದೊಡ್ಡ ಪ್ರಮಾಣದಲ್ಲಿ ತಯಾರಿಸಿದ ಮೇಲೆಯೇ ಡೀಸೆಲ್ ಯಂತ್ರವು ರಸ್ತೆಯ ವಾಹನಗಳಲ್ಲಿ ಬೇರೂರಿತು. 1936ರಲ್ಲಿ ಮರ್ಸಿಡಿಸ್ ಬೆಂಜ್ 260 ಡಿ ಎಂಬ ಡೀಸೆಲ್ ಕಾರು ಹೊರಬಂದಿತು. ನಮ್ಮ ದೇಶದಲ್ಲಿ ಇಂತಹ ಪಂಪುಗಳಿಗೆ ಹೆಸರಾದುದು, 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ಬೆಳೆದ ಮೈಕೋ ಕಾರ್ಖಾನೆ.

ಎಣ್ಣೆಯು ನಡೆಯುವ ದಾರಿ ಹೀಗಿದೆ. ಟ್ಯಾಂಕಿನಿಂದ ಅದನ್ನು ಒಂದು ಸಣ್ಣ ಪಂಪು ಎಳೆದು ಫಿಲ್ಟರಿಗೆ ಕಳುಹಿಸುತ್ತದೆ. ಸೋಸಿದ ಎಣ್ಣೆ ದೊಡ್ಡ ಪಂಪಿಗೆ ಬಂದು, ಉಕ್ಕಿನ ನಳಿಗೆಗಳ ಮೂಲಕ ಇಂಜೆಕ್ಟರುಗಳನ್ನು ಸೇರಿ ಸಿಲಿಂಡರಿನೊಳಗೆ ಚಿಮ್ಮುತ್ತದೆ. ಮಿಕ್ಕುದು ಟ್ಯಾಂಕಿಗೆ ಹಿಂತಿರುಗುತ್ತದೆ.

ಈ ದಾರಿಗೆ ಶತ್ರುಗಳು ಮೂರು: ನೀರು, ಧೂಳು, ಗಾಳಿ. ದೊಡ್ಡ ಪಂಪಿನ ದಂಡಕ್ಕೂ ಅದರ ಗೂಡಿಗೂ ನಡುವಣ ಸಂದು ಕೆಲವೇ ಮೈಕ್ರಾನುಗಳಷ್ಟು. ಒಂದು ಮೈಕ್ರಾನು ಮಿಲಿಮೀಟರಿನ ಸಾವಿರದ ಒಂದು ಅಂಶ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನು ದಪ್ಪವಿರುವುದನ್ನು ನೆನೆದರೆ ಈ ಸಂದಿನ ಸೂಕ್ಷ್ಮತೆ ಮನಸ್ಸಿಗೆ ಬಂದೀತು. ಕಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಗೀರು ಹಾಕಬಲ್ಲುದು. ಪಂಪನ್ನು ಜಾರುವಂತೆ ಇಡುವುದು ಡೀಸೆಲ್ಲಿನಲ್ಲಿರುವ ಜಿಡ್ಡೇ ಆದ್ದರಿಂದ, ನೀರು ಬೆರೆತರೂ ಸೀಮೆಎಣ್ಣೆ ಬೆರೆತರೂ ಲೋಹವು ಸವೆಯುತ್ತದೆ.

ನೀರು ಎಲ್ಲಿಂದ ಬರುತ್ತದೆ? ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ತೇವದ ಗಾಳಿ ತುಂಬಿರುತ್ತದೆ. ರಾತ್ರಿಯ ತಂಪಿಗೆ ಅದರ ಹಬೆ ಹನಿಗಟ್ಟಿ ಕೆಳಗಿಳಿಯುತ್ತದೆ. ನೀರು ಡೀಸೆಲ್ಲಿಗಿಂತ ಭಾರವಾದುದರಿಂದ ತಳದಲ್ಲಿ ನಿಲ್ಲುತ್ತದೆ. ಆದುದರಿಂದ ಮಳೆಗಾಲದಲ್ಲಿ ಸಂಜೆಯೇ ಟ್ಯಾಂಕನ್ನು ತುಂಬಿಸಿಡುವುದು ಒಳ್ಳೆಯದು. ಫಿಲ್ಟರಿನ ಬುಡದ ತಿರುಪನ್ನು ಸಡಿಲಿಸಿ, ಗಾಜಿನ ಪಾತ್ರೆಯೊಂದರಲ್ಲಿ ಸ್ವಲ್ಪ ಎಣ್ಣೆಯನ್ನು ಹಿಡಿದು ನೋಡಬೇಕು. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು. ಶುದ್ಧವಾದ ಎಣ್ಣೆ ಬರುವ ತನಕ ಹರಿಯಬಿಡಬೇಕು. ಹಾಗೆ ತೆಗೆದುದನ್ನು ತೋಡಿಗಾಗಲಿ ಬಾವಿಯ ಬಳಿಗಾಗಲಿ ಚೆಲ್ಲಬಾರದು. ಫಿಲ್ಟರನ್ನು ತಯಾರಕರ ಪುಸ್ತಕದಲ್ಲಿ ಹೇಳಿದ ಅವಧಿಗೆ ತಪ್ಪದೆ ಬದಲಿಸಬೇಕು. ಬಿಚ್ಚುವ ಮೊದಲು ಸುತ್ತಲಿನ ಕೆಸರನ್ನು ನೂಲೆಳೆ ಬಿಡದ ಬಟ್ಟೆಯಿಂದ ಒರಸತಕ್ಕದ್ದು. ಬೆಂಕಿಯನ್ನಂತೂ ಹತ್ತಿರ ತರಲೇಬಾರದು.

ಫಿಲ್ಟರನ್ನು ಬದಲಿಸಿದಾಗ, ಅಥವಾ ಟ್ಯಾಂಕು ಪೂರ್ತಿ ಬರಿದಾದಾಗ, ಗಾಳಿಯು ಒಳಹೊಗುತ್ತದೆ. ಗಾಳಿ ಅದುಮಿದರೆ ಕುಗ್ಗುತ್ತದೆ; ಆದುದರಿಂದ ಒತ್ತಡ ಏರುವುದಿಲ್ಲ, ಯಂತ್ರ ಹೊರಡುವುದಿಲ್ಲ. ನಮ್ಮ ಜೀಪಿನಂತಹ ಹಳೆಯ ಮಾದರಿಗಳಲ್ಲಿ ಫಿಲ್ಟರಿನ ಮೇಲಣ ತಿರುಪನ್ನು ಸಡಿಲಿಸಿ, ಸಣ್ಣ ಪಂಪಿನ ಕೈಹಿಡಿಯನ್ನು ಒತ್ತುತ್ತಿರಬೇಕು. ಮೊದಲು ನೊರೆ ಬರುವುದು. ಗುಳ್ಳೆಯಿಲ್ಲದ ಎಣ್ಣೆ ಹರಿದೊಡನೆ ತಿರುಪನ್ನು ಬಿಗಿಯಬೇಕು. ಅನಂತರ ದೊಡ್ಡ ಪಂಪಿನ ತಿರುಪಿನಲ್ಲಿಯೂ ಹೀಗೆಯೇ ಮಾಡಬೇಕು.

ಹೊಗೆಯ ಬಣ್ಣವೂ ರೋಗವನ್ನು ಸೂಚಿಸುತ್ತದೆ. ಕರಿಹೊಗೆಯಾದರೆ ಗಾಳಿ ಸಾಲದು, ಅಥವಾ ಇಂಜೆಕ್ಟರು ಎಣ್ಣೆಯನ್ನು ಮಂಜು ಮಾಡದೆ ಹನಿಸುತ್ತಿದೆ. ಕಾದ ಮೇಲೂ ನಿಲ್ಲದ ಬಿಳಿಹೊಗೆ ಉರಿಯದ ಇಂಧನದ್ದಿರಬಹುದು. ನೀಲಿಹೊಗೆಯಾದರೆ ಯಂತ್ರದ ಕೀಲೆಣ್ಣೆ ಉರಿಯುತ್ತಿದೆ. ಅದು ಇಂಧನ ಮಾರ್ಗದ ದೋಷವಲ್ಲ. ಇಂಜೆಕ್ಟರು ಮತ್ತು ದೊಡ್ಡ ಪಂಪುಗಳನ್ನು ಪರೀಕ್ಷಿಸಲು ವಿಶೇಷ ಯಂತ್ರವೂ ನಿರ್ಮಲವಾದ ಸ್ಥಳವೂ ಬೇಕು. ಅವನ್ನು ಮನೆಯಲ್ಲಿ ಬಿಚ್ಚುವುದು ಅವಿವೇಕ.

ಹೊಸ ಕಾರುಗಳ ವಿಷಯದಲ್ಲಿ ಒಂದು ಎಚ್ಚರಿಕೆ. 1997ರಿಂದ ಕಾರುಗಳಲ್ಲಿ ಬಳಕೆಗೆ ಬಂದ ಕಾಮನ್ ರೈಲ್ ಪದ್ಧತಿಯಲ್ಲಿ ಒತ್ತಡವು ಸಾವಿರ ಬಾರನ್ನು ದಾಟುತ್ತದೆ. ಕಾರಿನ ಚಕ್ರದ ಗಾಳಿಯ ಒತ್ತಡ ಎರಡು ಬಾರಿನ ಆಸುಪಾಸಿನದು. ಯಂತ್ರ ನಡೆಯುತ್ತಿರುವಾಗ ಅದರ ನಳಿಗೆಯನ್ನು ಸಡಿಲಿಸುವುದಾಗಲಿ, ಸೋರುವುದನ್ನು ಕೈಯಿಂದ ತಡವುವುದಾಗಲಿ ಸಲ್ಲದು. ಸೂಜಿಯಂತಹ ಧಾರೆ ಚರ್ಮವನ್ನು ಭೇದಿಸಿ ಒಳಸೇರುವುದು. ಗಾಯ ಚಿಕ್ಕದಾಗಿ ಕಂಡರೂ ಒಡನೆಯೇ ಆಸ್ಪತ್ರೆಗೆ ಹೋಗಬೇಕು. ತಡಮಾಡಿ ಕೈಯನ್ನೇ ಕಳೆದುಕೊಂಡವರುಂಟು. ಹಾಗೆಯೇ ಮರೆತು ಪೆಟ್ರೋಲನ್ನು ತುಂಬಿಸಿದಲ್ಲಿ ಯಂತ್ರವನ್ನು ಚಾಲೂ ಮಾಡದೆ ಟ್ಯಾಂಕನ್ನು ಬರಿದುಮಾಡಿಸಬೇಕು.

ಈಗ ನಮ್ಮ ಜೀಪಿನಲ್ಲಿ ಒಂದು ಸಣ್ಣ ಪುಸ್ತಕವನ್ನು ಕಟ್ಟಿಟ್ಟಿದ್ದೇವೆ. ಪ್ರತಿ ಆದಿತ್ಯವಾರ ಚಾಲಕರು ಫಿಲ್ಟರಿನ ನೀರನ್ನು ನೋಡಿ ಅದರಲ್ಲಿ ಬರೆಯುತ್ತಾರೆ. ಸಂಘದ ಸದಸ್ಯರೊಬ್ಬರು ಓದಿ ರುಜು ಹಾಕುತ್ತಾರೆ. ಹತ್ತು ನಿಮಿಷದ ಈ ಕೆಲಸಕ್ಕೆ ಖರ್ಚಿಲ್ಲ. ಆ ಇಬ್ಬರು ಮಕ್ಕಳು ಇನ್ನೂ ನಮ್ಮ ಶಾಲೆಗೇ ಬರುತ್ತಿದ್ದಾರೆ. ಅವರು ನಾಳೆಯೂ ಬರಬೇಕಾದರೆ ಜೀಪು ನಾಳೆಯೂ ಹೊರಡಬೇಕು.