ಆದಿಕ್ರೈಸ್ತ ಕುಟುಂಬಗಳಲ್ಲಿ ಅತಿಥಿಸತ್ಕಾರದ ಶಿಕ್ಷಣ

೧

ಕ್ರೈಸ್ತಧರ್ಮದ ಮೊದಲ ನಾಲ್ಕು ಶತಮಾನಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸಿದ್ಧಾಂತಗಳ ವಿವಾದ, ಹುತಾತ್ಮರ ವೃತ್ತಾಂತ, ಚಕ್ರವರ್ತಿಗಳ ಶಾಸನ ಇವುಗಳಿಗೆ ಪ್ರಾಧಾನ್ಯ ಕೊಡುತ್ತಾರೆ. ಆ ಧರ್ಮವು ಮೊದಲು ಬೆಳೆದದ್ದು ವಾಸದ ಮನೆಗಳಲ್ಲಿ ಎಂಬ ಸಂಗತಿ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಅಪರಿಚಿತನನ್ನು ಮನೆಯೊಳಕ್ಕೆ ಬರಮಾಡಿಕೊಂಡು ಉಪಚರಿಸುವುದನ್ನು ಆ ಕಾಲದ ಕುಟುಂಬಗಳು ಹೇಗೆ ಕಲಿತವು, ಆ ಕಲಿಕೆಗೆ ಯಾವ ಅಡ್ಡಿಗಳು ಒದಗಿದವು, ಮುಂದೆ ಛತ್ರಗಳೂ ಆಸ್ಪತ್ರೆಗಳೂ ಏರ್ಪಟ್ಟಾಗ ಮನೆಯ ಪಾಲಿನ ಕರ್ತವ್ಯವೇನಾಯಿತು ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಮೊದಲು ಶಬ್ದವಿಚಾರ. ಹೊಸ ಒಡಂಬಡಿಕೆಯಲ್ಲಿ ಅತಿಥಿಸತ್ಕಾರಕ್ಕೆ ಬಳಸಿರುವ ಗ್ರೀಕ್ ಪದ ‘ಫಿಲೊಕ್ಸೆನಿಯ’. ‘ಕ್ಸೆನೊಸ್’ ಎಂದರೆ ಪರಕೀಯ. ಅದೇ ಪದಕ್ಕೆ ಅತಿಥಿ ಎಂಬ ಅರ್ಥವೂ ಉಂಟು. ಆದಕಾರಣ ಫಿಲೊಕ್ಸೆನಿಯ ಎಂದರೆ ಪರಕೀಯನಲ್ಲಿ ಪ್ರೀತಿ. ತಿಥಿಯನ್ನು ಗೊತ್ತುಮಾಡದೆ ಬರುವವನು ಅತಿಥಿ ಎಂದು ನಮ್ಮವರು ಹೇಳುವ ನಿರ್ವಚನದಲ್ಲಿ ಬರುವವನ ಅನಿರೀಕ್ಷಿತತೆ ಮುಖ್ಯವಾದರೆ, ಗ್ರೀಕ್ ಪದದಲ್ಲಿ ಬರಮಾಡಿಕೊಳ್ಳುವವನ ಮನೋಧರ್ಮ ಮುಖ್ಯವಾಗಿದೆ. ಗ್ರೀಕರಲ್ಲಿ ಈ ಆಚಾರ ಪುರಾತನವಾದದ್ದು. ಅತಿಥಿಗಳ ರಕ್ಷಕನೆಂದು ಜ಼್ಯೂಸ್ ದೇವತೆಯನ್ನೇ ಅವರು ಭಾವಿಸಿದ್ದರು. ಆದರೆ ಅವರ ಆತಿಥ್ಯ ಬಹುಮಟ್ಟಿಗೆ ಸಮಾನಸ್ಕಂಧರ ನಡುವಣ ಕೊಡುಕೊಳೆ. ಇಂದು ನಾನು ನಿನ್ನನ್ನು ಸತ್ಕರಿಸಿದರೆ ನಾಳೆ ನೀನು ನನ್ನನ್ನು ಸತ್ಕರಿಸುವೆ ಎಂಬುದು ಅದರ ತಳಹದಿ. ಲೂಕನ ಸುವಾರ್ತೆಯ ೧೪ನೆಯ ಅಧ್ಯಾಯದಲ್ಲಿ ಯೇಸು ಈ ತಳಹದಿಯನ್ನೇ ನಿರಾಕರಿಸಿ, ಪ್ರತಿಯಾಗಿ ಕರೆಯಲು ಶಕ್ತಿಯಿಲ್ಲದ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಊಟಕ್ಕೆ ಕರೆಯಬೇಕೆಂದು ಬೋಧಿಸುತ್ತಾನೆ. ಇದು ರೂಢಿಯಿಂದ ತಾನಾಗಿ ಬರುವ ಗುಣವಲ್ಲ. ಇದನ್ನು ಕಲಿಯಬೇಕಾಯಿತು.

೨

ಕಲಿಕೆಯ ಮೊದಲ ಪಾಠಶಾಲೆ ಪ್ರಯಾಣವೇ. ಅಂದಿನ ಸಾರ್ವಜನಿಕ ವಸತಿಗೃಹಗಳು ಕೊಳಕಿಗೂ ಕಳ್ಳತನಕ್ಕೂ ಕುಪ್ರಸಿದ್ಧವಾಗಿದ್ದುದರಿಂದ, ಊರಿಂದೂರಿಗೆ ಹೋಗುವ ಬೋಧಕರು ಮನೆಗಳನ್ನೇ ಆಶ್ರಯಿಸಬೇಕಾಗಿತ್ತು. ಫಿಲಿಪ್ಪಿ ಪಟ್ಟಣದಲ್ಲಿ ಧೂಮ್ರವರ್ಣದ ವಸ್ತ್ರಗಳನ್ನು ಮಾರುತ್ತಿದ್ದ ಲುದ್ಯಳೆಂಬ ಹೆಂಗಸು ತನ್ನ ಮನೆಯವರೊಡನೆ ದೀಕ್ಷಾಸ್ನಾನ ಹೊಂದಿದ ಮೇಲೆ ಮಾಡಿದ ಮೊದಲ ಕಾರ್ಯವೆಂದರೆ ಪೌಲನನ್ನೂ ಅವನ ಸಂಗಡಿಗರನ್ನೂ ಬಲವಂತಮಾಡಿ ತನ್ನ ಮನೆಯಲ್ಲಿ ಇಳಿಸಿಕೊಂಡದ್ದು. ಕೊರಿಂಥದಲ್ಲಿ ಪೌಲನಿಗೆ ಆಶ್ರಯವಿತ್ತ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಗಳ ಕಥೆ ಇದಕ್ಕಿಂತಲೂ ಬೋಧಪ್ರದವಾಗಿದೆ. ಕ್ಲೌದಿಯ ಚಕ್ರವರ್ತಿ ಯೆಹೂದ್ಯರನ್ನು ರೋಮಾಪುರದಿಂದ ಹೊರಡಿಸಿದಾಗ, ಸುಮಾರು ಕ್ರಿ. ಶ. ೪೯ರಲ್ಲಿ, ಇವರು ನೆಲೆ ತಪ್ಪಿ ಬಂದವರು. ಗುಡಾರ ಮಾಡುವ ಕಸಬಿನಿಂದ ಜೀವಿಸುತ್ತಿದ್ದವರು. ಅದೇ ಕಸಬಿನ ಪೌಲನನ್ನು ಅವರು ತಮ್ಮಲ್ಲಿ ಇರಿಸಿಕೊಂಡರು. ಮುಂದೆ ಅವರ ಮನೆಯಲ್ಲಿಯೇ ಸಭೆ ಕೂಡುತ್ತಿತ್ತು. ಸ್ವತಃ ಪರಕೀಯರಾದವರೇ ಪರಕೀಯರಿಗೆ ಬಾಗಿಲು ತೆರೆದರೆಂಬುದನ್ನು ಇಲ್ಲಿ ಗಮನಿಸಬೇಕು.

ಸಭೆ ಮನೆಯಲ್ಲಿ ಕೂಡುತ್ತಿತ್ತೆಂಬುದಕ್ಕೆ ಭೂಶೋಧನೆಯ ಆಧಾರವೂ ದೊರೆತಿದೆ. ಸಿರಿಯಾದಲ್ಲಿ ಯೂಫ್ರೆಟಿಸ್ ನದಿಯ ದಡದ ದೂರಾ-ಯೂರೋಪಸ್ ಎಂಬ ಊರಿನಲ್ಲಿ ೧೯೩೦ರ ದಶಕದ ಉತ್ಖನನದಲ್ಲಿ ಕಂಡುಬಂದ ಕ್ರೈಸ್ತ ಕಟ್ಟಡವು ಮೂಲತಃ ವಾಸದ ಮನೆ. ಮೂರನೆಯ ಶತಮಾನದ ಪೂರ್ವಾರ್ಧದಲ್ಲಿ ಎರಡು ಕೋಣೆಗಳ ನಡುವಣ ಗೋಡೆಯನ್ನು ತೆಗೆದುಹಾಕಿ ಅಲ್ಲಿ ಸಭಾಂಗಣ ಮಾಡಿಕೊಂಡಿದ್ದರು. ಹತ್ತು ಜನರಿಗಾಗಿ ಕಟ್ಟಿದ ಮನೆಯಲ್ಲಿ ಹಲವು ಹತ್ತು ಜನರಿಗೆ ಎಡೆಮಾಡಿಕೊಡುವುದೆಂದರೇನೆಂಬುದನ್ನು ಆ ಒಂದು ಗೋಡೆಯ ಅಭಾವ ಸ್ಪಷ್ಟಪಡಿಸುತ್ತದೆ.

೩

ಇಷ್ಟರಿಂದ ಎಲ್ಲವೂ ಸುಗಮವಾಗಿತ್ತೆಂದು ಭಾವಿಸುವುದು ತಪ್ಪಾಗುತ್ತದೆ. ಗೊಣಗದೆ ಸತ್ಕರಿಸಿರಿ ಎಂದು ಪೇತ್ರನ ಮೊದಲ ಪತ್ರ ಎಚ್ಚರಿಸುವುದರಿಂದಲೇ, ಗೊಣಗುವವರು ಇದ್ದರೆಂಬುದು ವ್ಯಕ್ತವಾಗುತ್ತದೆ. ಯೋಹಾನನ ಮೂರನೆಯ ಪತ್ರದಲ್ಲಿ ಗಾಯನೆಂಬ ಗೃಹಸ್ಥನು ಅಪರಿಚಿತ ಸಹೋದರರನ್ನು ಬರಮಾಡಿಕೊಂಡದ್ದಕ್ಕೆ ಪ್ರಶಂಸೆ ಪಡೆದರೆ, ದಿಯೊತ್ರೇಫನು ತಾನೂ ಬರಮಾಡಿಕೊಳ್ಳದೆ, ಬರಮಾಡಿಕೊಳ್ಳುವವರನ್ನೂ ಸಭೆಯಿಂದ ಹೊರಗೆ ಹಾಕುತ್ತಿದ್ದನೆಂದು ಹೇಳಿದೆ.

ವಂಚಕರ ಭಯವೂ ನಿಜವಾದದ್ದೇ. ಎರಡನೆಯ ಶತಮಾನದ ವಿಡಂಬನಕಾರ ಲೂಸಿಯನ್ನನು, ಪೆರೆಗ್ರೀನಸ್ ಎಂಬವನು ಕ್ರೈಸ್ತರ ಸರಳ ವಿಶ್ವಾಸವನ್ನು ಬಳಸಿಕೊಂಡು ಹಣ ಕೂಡಿಸಿದ ಬಗೆಯನ್ನು ಪರಿಹಾಸ್ಯದಿಂದ ವರ್ಣಿಸಿದ್ದಾನೆ. ಈ ಕಷ್ಟಕ್ಕೆ ಪರಿಹಾರವನ್ನು ‘ದಿದಖೆ’ ಎಂಬ ಪುಟ್ಟ ಗ್ರಂಥದಲ್ಲಿ ಕಾಣುತ್ತೇವೆ. ಒಂದನೆಯ ಶತಮಾನದ ಅಂತ್ಯ ಅಥವಾ ಎರಡನೆಯದರ ಆದಿಭಾಗದ ಈ ಕೃತಿಯ ಹಸ್ತಪ್ರತಿ ೧೮೭೩ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿ, ೧೮೮೩ರಲ್ಲಿ ಅಚ್ಚಾಯಿತು. ಅದರ ವಿಧಿ ಹೀಗಿದೆ: ಬಂದವನನ್ನು ಮೊದಲು ಬರಮಾಡಿಕೊಳ್ಳಬೇಕು, ಅನಂತರ ಪರೀಕ್ಷಿಸಬೇಕು. ದಾರಿಹೋಕನಾದರೆ ಎರಡು ದಿನ, ಅಗತ್ಯವಾದರೆ ಮೂರು ದಿನ ಇರಬಹುದು. ನೆಲಸಬೇಕೆನ್ನುವವನಿಗೆ ಕಸಬು ಗೊತ್ತಿದ್ದರೆ ದುಡಿದು ಉಣ್ಣಲಿ. ಗೊತ್ತಿಲ್ಲದಿದ್ದರೆ ಅವನು ಸೋಮಾರಿಯಾಗಿ ಬಾಳದಂತೆ ಸಭೆಯೇ ಯೋಚಿಸಿ ಏರ್ಪಾಡುಮಾಡಲಿ. ಇದಕ್ಕೊಪ್ಪದವನು ಕ್ರಿಸ್ತನ ಹೆಸರಿನಲ್ಲಿ ವ್ಯಾಪಾರ ನಡೆಸುವವನು. ಸ್ವಾಗತವು ಮೊದಲು, ವಿಚಾರಣೆ ಅನಂತರ ಎಂಬ ಈ ಕ್ರಮದಲ್ಲಿಯೇ ಇಡೀ ಶಿಕ್ಷಣದ ಸಾರವಿದೆ. ವಿಚಾರಣೆಯೇ ಮೊದಲಾಗಿದ್ದರೆ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಅದು ಇಲ್ಲವೇ ಇಲ್ಲವಾಗಿದ್ದರೆ ಬಾಗಿಲು ಬಹುಕಾಲ ತೆರೆದಿರುತ್ತಿರಲಿಲ್ಲ.

ದಾರಿಹೋಕನಿಗೆ ಮೂರು ದಿನ ಸಾಕು. ಅನಾಥ ಶಿಶುವಿಗೆ ಸಾಲದು. ಮೂರನೆಯ ಶತಮಾನದಲ್ಲಿ ಸಿರಿಯಾ ಪ್ರಾಂತದಲ್ಲಿ ರಚಿತವಾದ ‘ದಿದಸ್ಕಾಲಿಯ’ ಎಂಬ ಗ್ರಂಥವು, ಮಕ್ಕಳಿಲ್ಲದವರು ಅನಾಥ ಮಗುವನ್ನು ತಮ್ಮ ಮಗುವಾಗಿ ತೆಗೆದುಕೊಳ್ಳಬೇಕೆಂದೂ, ಮಗನುಳ್ಳವರು ಅನಾಥ ಹೆಣ್ಣುಮಗುವನ್ನು ಸಾಕಿ ಪ್ರಾಯಕ್ಕೆ ಬಂದಾಗ ಸೊಸೆಯಾಗಿ ಮಾಡಿಕೊಳ್ಳಬಹುದೆಂದೂ ಹೇಳುತ್ತದೆ. ಇಲ್ಲಿ ಅತಿಥಿಯು ಅತಿಥಿಯಾಗಿ ಉಳಿಯದೆ ಕುಟುಂಬದವನೇ ಆಗುತ್ತಾನೆ.

ಈ ಸೇವೆಯ ಭಾರ ಯಾರ ಮೇಲೆ ಬಿದ್ದಿತೆಂಬುದನ್ನೂ ಮರೆಯಲಾಗದು. ಅಂದಿನ ಅನುಕೂಲಸ್ಥರ ಮನೆಯಲ್ಲಿ ದಾಸದಾಸಿಯರಿದ್ದರು. ಕೀರ್ತಿ ಯಜಮಾನನದಾದರೂ ನೀರು ಹೊತ್ತವರು, ಹಾಸಿಗೆ ಹಾಸಿದವರು ಅವರೇ ಆಗಿರಬೇಕು. ಸಭೆಯ ವಿಧವೆಯರ ಪಟ್ಟಿಗೆ ಸೇರಬೇಕಾದವಳು ಮಕ್ಕಳನ್ನು ಸಾಕಿದವಳೂ ಅತಿಥಿಗಳನ್ನು ಸತ್ಕರಿಸಿದವಳೂ ದೇವಜನರ ಪಾದಗಳನ್ನು ತೊಳೆದವಳೂ ಆಗಿರಬೇಕೆಂದು ತಿಮೊಥೆಯನಿಗೆ ಬರೆದ ಮೊದಲ ಪತ್ರ ವಿಧಿಸುವುದರಿಂದ, ಹೆಂಗಸರ ಪಾಲು ಎಷ್ಟಿತ್ತೆಂಬುದು ತಿಳಿಯುತ್ತದೆ. ಅನ್ಯಧರ್ಮದ ಗಂಡನನ್ನು ವರಿಸಬೇಡ ಎಂದು ತನ್ನ ಹೆಂಡತಿಗೆ ಬರೆಯುವಾಗ ತೆರ್ತುಲ್ಲಿಯನ್ನನು, ಪರದೇಶದ ಸಹೋದರನು ಬಂದರೆ ಅಂಥ ಮನೆಯಲ್ಲಿ ಅವನಿಗೆ ಎಡೆಯೆಲ್ಲಿ ಎಂಬುದನ್ನೂ ಒಂದು ಕಾರಣವಾಗಿ ಕೊಟ್ಟಿದ್ದಾನೆ. ಮನೆಯವರ ಒಮ್ಮತವಿಲ್ಲದೆ ಆತಿಥ್ಯ ನಡೆಯದೆಂಬುದು ಇದರ ಅರ್ಥ.

೪

ನಾಲ್ಕನೆಯ ಶತಮಾನದಲ್ಲಿ ಪರಿಸ್ಥಿತಿ ಬದಲಾಯಿತು. ರಾಜಾಶ್ರಯ ದೊರೆತ ಸಭೆಗಳು ‘ಕ್ಸೆನೊದೊಖಿಯ’ ಎಂಬ ಛತ್ರಗಳನ್ನು ಕಟ್ಟತೊಡಗಿದವು. ಕೈಸರೈಯದ ಸಭಾಧ್ಯಕ್ಷನಾದ ಬೆಸಿಲನು ಸುಮಾರು ೩೬೯ರ ಕ್ಷಾಮದ ಅನಂತರದ ವರ್ಷಗಳಲ್ಲಿ ಊರ ಹೊರಗೆ ಪ್ರಯಾಣಿಕರಿಗೂ ರೋಗಿಗಳಿಗೂ ಕುಷ್ಠಪೀಡಿತರಿಗೂ ಕಟ್ಟಿಸಿದ ವಸತಿಸಮೂಹವನ್ನು ಅವನ ಮಿತ್ರ ಗ್ರೆಗೊರಿಯು ಹೊಸ ನಗರವೆಂದೇ ಕೊಂಡಾಡಿದನು. ಕ್ರೈಸ್ತಧರ್ಮವನ್ನು ತ್ಯಜಿಸಿದ ಯೂಲಿಯನ್ ಚಕ್ರವರ್ತಿಯ ಹೆಸರಿನಲ್ಲಿ ಉಳಿದಿರುವ ಒಂದು ಪತ್ರವು, ಪರಕೀಯರಿಗೆ ತೋರುವ ಕರುಣೆಯಿಂದಲೇ ಆ ಧರ್ಮ ಬೆಳೆಯಿತೆಂದು ಒಪ್ಪಿ, ಊರೂರಿಗೂ ಅಂಥ ಛತ್ರಗಳನ್ನು ಸ್ಥಾಪಿಸುವಂತೆ ತನ್ನ ಅರ್ಚಕನಿಗೆ ಆಜ್ಞಾಪಿಸುತ್ತದೆ. ಆ ಪತ್ರ ಅವನದೇ ಎಂಬುದನ್ನು ಈಚಿನ ವಿದ್ವಾಂಸರಲ್ಲಿ ಕೆಲವರು ಸಂಶಯಿಸುತ್ತಾರೆ.

ಕ್ಷಾಮವನ್ನಾಗಲಿ ಕುಷ್ಠವನ್ನಾಗಲಿ ಒಂದು ಮನೆ ಎದುರಿಸಲಾರದು. ಆದ್ದರಿಂದ ಈ ಸಂಸ್ಥೆಗಳು ಅವಶ್ಯವಾಗಿದ್ದವು. ಆದರೆ ಅವುಗಳಿಂದ ಒಂದು ಹೊಸ ನೆಪವೂ ಹುಟ್ಟಿತು. ಸಭೆಯ ಛತ್ರವಿದೆಯಲ್ಲ, ನನ್ನ ಮನೆಗೇಕೆ ಎಂದು ಗೃಹಸ್ಥರು ಹೇಳತೊಡಗಿದರು. ಸುಮಾರು ೪೦೦ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅಪೊಸ್ತಲರ ಕೃತ್ಯಗಳನ್ನು ಕುರಿತು ಉಪದೇಶಿಸುತ್ತಿದ್ದ ಯೋಹಾನ ಕ್ರಿಸೊಸ್ತೊಮನು ಇದಕ್ಕೆ ನೇರವಾಗಿ ಉತ್ತರವಿತ್ತಿದ್ದಾನೆ. ಇನ್ನೊಬ್ಬನು ಪ್ರಾರ್ಥಿಸಿದರೆ ನಿನ್ನ ಪ್ರಾರ್ಥನೆ ಸಂದಂತಾಯಿತೆ ಎಂಬುದು ಅವನ ವಾದ. ಮಂಚ, ಮೇಜು, ದೀಪ ಇಷ್ಟನ್ನಿಟ್ಟು ಪ್ರತಿ ಮನೆಯಲ್ಲಿಯೂ ಒಂದು ಕೋಣೆಯನ್ನು ಕ್ರಿಸ್ತನ ಕೋಣೆಯೆಂದು ಮೀಸಲಿಡಬೇಕು. ಮಹಡಿಯಿಲ್ಲದಿದ್ದರೆ ಕೆಳಗಾದರೂ ಸರಿ ಎಂದು ಅವನು ಸೂಚಿಸಿದನು. ಶೂನೇಮಿನ ಹೆಂಗಸು ಪ್ರವಾದಿ ಎಲೀಷನಿಗೆ ಅಣಿಮಾಡಿದ ಕೋಣೆ ಇದರ ಮಾದರಿ. ಅಬ್ರಹಾಮನ ಮನೆಯಲ್ಲಿ ಹುಟ್ಟಿ ಬೆಳೆದ ಸೇವಕರು ೩೧೮ ಮಂದಿ ಇದ್ದರೂ ಅತಿಥಿಗಳಿಗಾಗಿ ಓಡಾಡಿದವನು ತಾನೇ, ರೊಟ್ಟಿ ಮಾಡಿದವಳು ಸಾರಳೇ ಎಂಬುದನ್ನೂ ಅವನು ತನ್ನ ಪ್ರಸಂಗಗಳಲ್ಲಿ ಎತ್ತಿ ಹೇಳಿದ್ದಾನೆ. ದಾಸರ ಕೈಯಿಂದ ಮಾಡಿಸಿ ಪುಣ್ಯವನ್ನು ತಾನು ಪಡೆಯುವ ರೂಢಿಗೆ ಇದೇ ಪ್ರತ್ಯುತ್ತರ.

ಕ್ರಿಸೊಸ್ತೊಮನು ಛತ್ರವನ್ನು ಬೇಡವೆನ್ನಲಿಲ್ಲ. ಛತ್ರವು ಅತಿಥಿಯ ಹಸಿವನ್ನು ಹಿಂಗಿಸಬಲ್ಲದು. ಮನೆಯವರ ಮನಸ್ಸನ್ನು ತಿದ್ದಲಾರದು ಎಂಬುದು ಅವನ ತಾತ್ಪರ್ಯವೆಂದು ನಾವು ಗ್ರಹಿಸುತ್ತೇವೆ. ಅತಿಥಿಯನ್ನು ಕಾಣದೆ ಬೆಳೆದ ಮಗುವಿಗೆ ಅತಿಥಿಧರ್ಮವನ್ನು ಉಪದೇಶದಿಂದ ಕಲಿಸುವುದು ಕಷ್ಟ. ಅನಾಥಾಲಯ, ವೃದ್ಧಾಶ್ರಮ, ಆಸ್ಪತ್ರೆಗಳು ಹೆಚ್ಚಿರುವ ಈ ಕಾಲದಲ್ಲಿ, ಯಾವ ಮತದವರಿಗೇ ಆಗಲಿ, ಹದಿನಾರು ಶತಮಾನಗಳ ಹಿಂದಿನ ಆ ಪ್ರಶ್ನೆ ಹಳತಾಗಿಲ್ಲ. ಸಂಸ್ಥೆಗೆ ಒಪ್ಪಿಸಬೇಕಾದ ಸೇವೆ ಯಾವುದು, ಒಪ್ಪಿಸಬಾರದ್ದು ಯಾವುದು ಎಂಬುದನ್ನು ಪ್ರತಿಯೊಂದು ಮನೆಯೂ ತನ್ನ ಹೊಸ್ತಿಲಲ್ಲಿಯೇ ನಿರ್ಣಯಿಸಿಕೊಳ್ಳಬೇಕಾಗಿದೆ.