ಐವತ್ತೊಂದನೆಯ ಪ್ರತಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೆ ರೇಷ್ಮೆ ಎಂದೊಡನೆ ನೆನಪಾಗುವುದು ಸೀರೆ. ಆದರೆ ಮುದ್ರಣಕಲೆಗೂ ರೇಷ್ಮೆಯ ನಂಟಿದೆ. ಚೌಕಟ್ಟಿಗೆ ಬಿಗಿದ ತೆಳು ರೇಷ್ಮೆಯಲ್ಲಿ ಬೇಡವಾದ ಭಾಗವನ್ನು ಮುಚ್ಚಿ, ಉಳಿದ ರಂಧ್ರಗಳಿಂದ ಶಾಯಿಯನ್ನು ರಬ್ಬರ್ ಪಟ್ಟಿಯಿಂದ ಒತ್ತಿ ಕಾಗದಕ್ಕಿಳಿಸುವುದೇ ಸ್ಕ್ರೀನ್ ಪ್ರಿಂಟಿಂಗ್. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ರೇಷ್ಮೆಯ ಜಾಗದಲ್ಲಿ ಈಗ ಪಾಲಿಯೆಸ್ಟರ್ ಇದೆ. ನಮ್ಮ ಊರುಗಳಲ್ಲಿ ಲಗ್ನಪತ್ರಿಕೆ ಮುದ್ರಿಸುವವರಿಗೂ ಇದು ಪರಿಚಿತ ವಿದ್ಯೆಯೇ.

ವ್ಯಂಗ್ಯಚಿತ್ರದ ಶೈಲಿಗೆ ಈ ವಿಧಾನ ಹೇಳಿ ಮಾಡಿಸಿದಂತಿದೆ. ಒಂದೊಂದು ಬಣ್ಣಕ್ಕೂ ಒಂದೊಂದು ಜಾಲರಿ ಬೇಕಾದ್ದರಿಂದ ಬಣ್ಣಗಳು ಕಡಿಮೆಯಿದ್ದಷ್ಟೂ ಸಲೀಸು. ಬಣ್ಣ ಕೂದಲೆಳೆಯಷ್ಟು ಜಾರಿದರೂ ದಪ್ಪ ಕಪ್ಪುಗೆರೆ ಅದನ್ನು ಮುಚ್ಚಿಬಿಡುತ್ತದೆ. ಅಮೆರಿಕದ ಆಂಡಿ ವಾರ್ಹೋಲ್ 1981ರಲ್ಲಿ ಮಿಕ್ಕಿ ಮೌಸ್, ಸೂಪರ್‌ಮ್ಯಾನ್ ಮೊದಲಾದವರ ಹತ್ತು ಚಿತ್ರಗಳ ಸಂಪುಟವನ್ನು ಹೀಗೆ ಮುದ್ರಿಸಿದರು. ಪ್ರತಿಗಳ ಸಂಖ್ಯೆ 200. ಮಕ್ಕಳ ಕಾಮಿಕ್ಸ್ ಕಲೆಯಾದೀತೇ ಎಂದು ಕೇಳುವವರು ಈಗಲೂ ಇದ್ದಾರೆ. ನನಗೆ ಆ ಚರ್ಚೆಗಿಂತ ಆ ಸಂಖ್ಯೆಯೇ ಮುಖ್ಯ.

ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ 12/50 ಎಂದಿದ್ದರೆ, ಐವತ್ತರಲ್ಲಿ ಇದು ಹನ್ನೆರಡನೆಯದು ಎಂದರ್ಥ. ಈ ಎಣಿಕೆಯ ಹೊರಗೂ ಕಲಾವಿದನ ಸ್ವಂತ ಪ್ರತಿಗಳಿರುವುದುಂಟು. ಕೊಳ್ಳುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಕೊರೆದ ತಾಮ್ರದ ಫಲಕ ಅಚ್ಚೊತ್ತಿದಂತೆಲ್ಲ ಸವೆಯುತ್ತದೆ, ಹೀಗಾಗಿ ಅಲ್ಲಿ ಮಿತಿಗೆ ಸಹಜ ಕಾರಣವಿತ್ತು. ಜಾಲರಿಗೆ ಅಂಥ ದಣಿವಿಲ್ಲ. ಐವತ್ತೊಂದನೆಯ ಪ್ರತಿಗೆ ತಗಲುವುದು ಕಾಗದ, ಶಾಯಿ, ಕೆಲವು ನಿಮಿಷಗಳ ಕೂಲಿ ಮಾತ್ರ. ಕೊರತೆಯೇ ಬೆಲೆಯನ್ನು ನಿರ್ಧರಿಸುತ್ತದೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಇಲ್ಲಿ ಆ ಕೊರತೆ ನಿಂತಿರುವುದು 'ಇನ್ನು ಮುದ್ರಿಸೆನು' ಎಂಬ ಮಾತಿನ ಮೇಲೆ.

ಆ ಮಾತಿಗೆ ಕಾವಲು ಯಾರು? ಕ್ಯಾಲಿಫೋರ್ನಿಯಾದಲ್ಲಿ ಪ್ರತಿಗಳ ಸಂಖ್ಯೆ, ವಿಧಾನ, ವರ್ಷಗಳನ್ನು ಮಾರಾಟಗಾರ ಲಿಖಿತವಾಗಿ ತಿಳಿಸಬೇಕೆಂಬ ಕಾನೂನಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮು, ಹತ್ತು ಸಾವಿರ ರೂಪಾಯಿ ಮೀರಿದ ಮರುಮಾರಾಟದಲ್ಲಿ ಕಲಾವಿದನಿಗೆ ಶೇಕಡ 10ನ್ನು ಮೀರದ ಪಾಲು ಕೊಡುತ್ತದೆ. ಆದರೆ ಚಿತ್ರಕಲೆಯ ಮಟ್ಟಿಗೆ ಅದು ಹೆಸರಿಸುವುದು ವರ್ಣಚಿತ್ರ, ರೇಖಾಚಿತ್ರಗಳ ಮೂಲಪ್ರತಿಯನ್ನು. ಮುದ್ರಿತ ಚಿತ್ರದ ಹೆಸರಿಲ್ಲ. ವಂಚನೆಯಾದರೆ ಗ್ರಾಹಕರ ಆಯೋಗವಿದೆ ನಿಜ, ಆದರೆ ದೂರುವುದಕ್ಕೂ ಕೈಯಲ್ಲೊಂದು ಬರಹ ಬೇಕಲ್ಲ.

ರೇಷ್ಮೆ ಸೀರೆ ಅಪ್ಪಟವೆಂದು ಸಾರಲು 2004ರಲ್ಲೇ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 'ಸಿಲ್ಕ್ ಮಾರ್ಕ್' ಬಂತು. ಬೆಂಗಳೂರಿನ ಚಿತ್ರಸಂತೆಯಲ್ಲಿ ಇಂಥದೊಂದು ಚಿತ್ರವನ್ನು ಕೊಳ್ಳುವ ಮಧ್ಯಮವರ್ಗದ ಕುಟುಂಬಕ್ಕೆ, ಒಟ್ಟು ಪ್ರತಿಗಳೆಷ್ಟು, ಜಾಲರಿಯನ್ನು ಅಳಿಸಲಾಗಿದೆಯೇ ಎಂದು ಕಲಾವಿದನೇ ಸಹಿ ಮಾಡಿದ ಒಂದು ಹಾಳೆಯನ್ನಾದರೂ ಕೇಳಿ ಪಡೆಯುವ ಹಕ್ಕಿರಬೇಕು. ಮಾತಿಗೆ ತಪ್ಪದ ಯುವ ಕಲಾವಿದರಿಗೂ ಅದರಿಂದ ಲಾಭವೇ.