ಗುಡ್ಡದ ಮೇಲಿನ ಪಬ್ಬಿನಲ್ಲಿ ಚಳಿಗಾಲ

2021ರ ನವೆಂಬರ್ 26, ಶುಕ್ರವಾರ. ಇಂಗ್ಲೆಂಡಿನ ಯಾರ್ಕ್‌ಶೈರ್ ಡೇಲ್ಸ್‌ನ ಟ್ಯಾನ್ ಹಿಲ್ ಇನ್ ಎಂಬ ಪಬ್ಬಿಗೆ ಜನ ಹಾಡು ಕೇಳಲು ಬಂದಿದ್ದರು. ಓಯಸಿಸ್ ತಂಡದ ಹಾಡುಗಳನ್ನೇ ಹಾಡುವ ‘ನೋಯಸಿಸ್’ ಬಳಗದ ಕಾರ್ಯಕ್ರಮ. ಆ ರಾತ್ರಿ ಅರ್ವೆನ್ ಬಿರುಗಾಳಿ ಎದ್ದಿತು. ಹಿಮ ಬಾಗಿಲಿಗೇ ಪೇರಿಕೊಂಡಿತು, ವಿದ್ಯುತ್ ತಂತಿ ರಸ್ತೆಗೆ ಬಿತ್ತು. ಸುಮಾರು 60 ಮಂದಿ ಮೂರು ರಾತ್ರಿ ಅಲ್ಲೇ ಉಳಿದರು. ನೆಲಕ್ಕೆ ಹಾಸಿಕೊಂಡು ಮಲಗಿದರು, ಕ್ವಿಜ್ ಆಡಿದರು, ಸಿನಿಮಾ ನೋಡಿದರು. ಸೋಮವಾರ ದಾರಿ ಬಿಟ್ಟಾಗ ಹೊರಡಲು ಮನಸ್ಸಿಲ್ಲದವರೂ ಇದ್ದರಂತೆ.

ಟ್ಯಾನ್ ಹಿಲ್ ಸಮುದ್ರಮಟ್ಟದಿಂದ 1,732 ಅಡಿ ಎತ್ತರದಲ್ಲಿದೆ. ಬ್ರಿಟನ್ನಿನಲ್ಲಿ ಇದಕ್ಕಿಂತ ಎತ್ತರದ ಪಬ್ಬಿಲ್ಲ. ಒಂದು ಕಾಲಕ್ಕೆ ಸುತ್ತಲಿನ ಕಲ್ಲಿದ್ದಲು ಗಣಿಗಳ ಕೂಲಿಗಳು ಇಲ್ಲಿಗೆ ಬರುತ್ತಿದ್ದರು. ಗಣಿಗಳು ಹೋದವು, ಪಬ್ಬು ಉಳಿಯಿತು. ಈಗ ಪೆನೈನ್ ವೇ ಎಂಬ ಕಾಲುದಾರಿಯ ಚಾರಣಿಗರು ಒದ್ದೆ ಬೂಟಿನಲ್ಲಿ ಬರುತ್ತಾರೆ. ದಕ್ಷಿಣದ ಡಾರ್ಟ್‌ಮೂರ್ ಬಯಲಿನ ವಾರನ್ ಹೌಸ್ ಇನ್ನಿನ ಕಥೆಯೂ ಹೆಚ್ಚುಕಮ್ಮಿ ಇದೇ. ಅಲ್ಲಿಗೆ ತವರದ ಗಣಿಯವರು ಬರುತ್ತಿದ್ದರು. ಅಲ್ಲಿನ ಒಲೆಯ ಬೆಂಕಿ 1845ರಿಂದ ಆರಿಲ್ಲ ಎಂಬ ಮಾತಿದೆ. ನಂಬುವುದು ನಿಮಗೆ ಬಿಟ್ಟದ್ದು; ನನಗಂತೂ ನಂಬುವುದೇ ಇಷ್ಟ.

ಬೆಂಗಳೂರಿನ ಪಬ್ಬುಗಳನ್ನು ಕಂಡವರಿಗೆ ಇಂಥ ಹಳ್ಳಿ ಪಬ್ಬು ಬೇರೆಯೇ ಲೋಕ. ಸಾಮಾನ್ಯ ದಿನಗಳಲ್ಲಿ ಕಿವಿಗಡಚಿಕ್ಕುವ ಸಂಗೀತವಿಲ್ಲ. ತಗ್ಗು ಚಾವಣಿ, ಕಲ್ಲಿನ ನೆಲ, ಒಲೆಯ ಪಕ್ಕದ ಬೆಂಚಿಗೆ ಸಣ್ಣ ಪೈಪೋಟಿ, ಮೇಜಿನಡಿ ಯಾರದೋ ನಾಯಿ. ಒಂದು ಮೂಲೆಯಲ್ಲಿ ಡಾಮಿನೋ ಆಟ. ವೇಟರ್ ಬರುತ್ತಾನೆಂದು ಕಾಯುತ್ತ ಕೂತರೆ ಬಾಯಾರಿಕೆಯೇ ಗತಿ: ಕೌಂಟರಿಗೆ ಹೋಗಿ ಕೇಳಬೇಕು, ಅಲ್ಲೇ ಹಣ ಕೊಡಬೇಕು. ಗೆಳೆಯರು ಸರದಿ ಹಿಡಿದು ಎಲ್ಲರಿಗೂ ಕೊಡಿಸುವುದು ರೂಢಿ. ಸರದಿ ತಪ್ಪಿಸಿಕೊಂಡವನನ್ನು ಊರು ಮರೆಯುವುದಿಲ್ಲ.

ಇಲ್ಲಿನ ಬಿಯರಿನದೂ ಒಂದು ಹಟ. ಪೀಪಾಯಿಯ ಏಲ್ ಎಂಬ ಬಿಯರಿಗೆ ಹೊರಗಿನಿಂದ ಅನಿಲ ತುಂಬುವುದಿಲ್ಲ. ಒಳಗಿನ ಯೀಸ್ಟ್ ಇನ್ನೂ ಕೆಲಸ ಮಾಡುತ್ತಿರುತ್ತದೆ. ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಕೈಪಂಪಿನಿಂದ ಎಳೆದು, 568 ಮಿಲಿಲೀಟರಿನ ಪೈಂಟ್ ಗ್ಲಾಸಿಗೆ ತುಂಬುತ್ತಾರೆ. ಐಸಿನಂತಿರಲೆಂದು ಬಯಸುವವರಿಗೆ ಮೊದಲ ಗುಟುಕು ಸಪ್ಪೆ. ಆದರೆ ಚಳಿಯಲ್ಲಿ ಬಂದು ಕೂತವರಿಗೆ ಸ್ಟೌಟ್ ಎಂಬ ಕಪ್ಪು ಬಿಯರಿನ ಸುಟ್ಟ ಧಾನ್ಯದ ರುಚಿ ತಿಳಿಯುವುದು ಈ ಹದದಲ್ಲೇ.

ತೊಡಕು ಇಲ್ಲೇ ಇದೆ. ಪೀಪಾಯಿ ತೆರೆದ ಮೇಲೆ ಮೂರು ದಿನಗಳೊಳಗೆ ಖಾಲಿಯಾಗದಿದ್ದರೆ ರುಚಿ ಕೆಡುತ್ತದೆ. ಅಂದರೆ ಬಿಯರು ಚೆನ್ನಾಗಿರಬೇಕಾದರೂ ಊರವರು ಬರುತ್ತಿರಬೇಕು. ಜನವರಿಯ ಮಂಗಳವಾರ ಸಂಜೆ ನಾಲ್ಕೇ ಮಂದಿ ಬಂದರೆ ಮಾಲೀಕನಿಗೆ ಉರುವಲಿನ ದುಡ್ಡೂ ಹುಟ್ಟುವುದಿಲ್ಲ. ಹೀಗೆಯೇ ಎಷ್ಟೋ ಹಳ್ಳಿ ಪಬ್ಬುಗಳು ಮುಚ್ಚಿವೆ. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯವರು ಮಾತ್ರ 2003ರಲ್ಲಿ ತಮ್ಮ ‘ಓಲ್ಡ್ ಕ್ರೌನ್’ ಪಬ್ಬನ್ನು ಸಹಕಾರಿ ಸಂಘ ಕಟ್ಟಿಕೊಂಡು ತಾವೇ ಕೊಂಡರು. ಬಳಿಕ ಬೇರೆ ಹಳ್ಳಿಗಳೂ ಅದೇ ದಾರಿ ಹಿಡಿದವು.

ಇಂಗ್ಲೆಂಡಿನಲ್ಲಿರುವ ಕನ್ನಡಿಗರು, ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವ ಅಪ್ಪ–ಅಮ್ಮಂದಿರು ಒಮ್ಮೆ ಇಂಥಲ್ಲಿ ಕೂತು ಬರಬೇಕು. ಕುಡಿಯದವರು ಚಹಾ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಡಿಸೆಂಬರಿನಲ್ಲಿ ಉತ್ತರದ ಕಡೆ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಹೊರಡುವ ಮುನ್ನ ಪಬ್ಬಿಗೊಂದು ಫೋನ್ ಮಾಡಿ, ರಸ್ತೆ ತೆರೆದಿದೆಯೇ ಎಂದು ಕೇಳಿಕೊಳ್ಳಿ.